ಲಾಡಿಯ ಗಂಟು

...ಜ್ವರ ಅಂದ್ನಲ್ಲ ಟೀಚರ್. ಎಷ್ಟು ಸಲ ಕೇಳಿದ್ರೂ ಅದೇ. ಜ್ವರ, ಅದಕ್ಕೇ ಗುಂಡೀನ ಸ್ಕೂಲಿಗೆ ಕಳಿಸಿಲ್ಲ. ಅಗೋ, ಹೊಲಿಗೆ ಮಿಷನ್ ಕೆಳಗೆ, ಬಟ್ಟೆ ಚೂರುಗಳ ಮೇಲೆ ಮಲಗಿದಾಳೆ. ಹಣೆ ಮುಟ್ಟಬೇಡಿ, ಎದ್ದುಬಿಡ್ತಾಳೆ.

ಯಾಕೆ ನಗ್ತೀರ? ಹೆಸರಿಗಾ? ಸ್ಕೂಲಲ್ಲಿ ಏನೋ ದೊಡ್ಡ ಹೆಸರಿದೆ, ಮನೇಲಿ ಗುಂಡೀನೇ. ದರ್ಜಿ ಮಗಳಲ್ವಾ.

ಕೂತ್ಕೊಳ್ಳಿ. ಆ ಸ್ಟೂಲ್ ಮೇಲಿನ ಅಂಗಿ ಆಚೆ ಸರಿಸಿ. ಹೂಂ, ಸುಟ್ಟಿದೆ. ಇಸ್ತ್ರಿ ಪೆಟ್ಟಿಗೆ ಒಂಚೂರು ಜಾಸ್ತಿ ಕಾದಿತ್ತು. ನಮ್ಮ ಕೆಲಸದಲ್ಲಿ ಇದೆಲ್ಲ ಇದ್ದದ್ದೇ. ಗೋಡೆ... ಹೂಂ, ಗೋಡೆ ಕಪ್ಪಾಗಿದ್ದೂ ಅವತ್ತೇ.

ಎದ್ದು ಕಾಫಿ ಮಾಡ್ತಿದ್ದೆ, ಆದ್ರೆ ಈ ಲಾಡಿ ನೋಡಿ. ಒಂದು ತುದಿ ನನ್ನ ಕಾಲಿಗೆ, ಇನ್ನೊಂದು ಅವಳ ಕೈಗೆ. ನಾನೇ ಕಟ್ಟಿದ್ದು. ತುಂಟಿ, ಕಣ್ಣು ತಪ್ಪಿಸಿ ಬೀದಿಗೆ ಓಡ್ತಾಳೆ. ತಾಯಿ ಅಂದ್ಮೇಲೆ ಹುಷಾರಾಗಿರಬೇಕಲ್ವಾ.

ಏನು, ನನ್ನ ಕಾಲನ್ನೇ ನೋಡ್ತಿದೀರ? ನಾನೇ ಕಟ್ಟಿದ್ದು ಅಂದ್ನಲ್ಲ.

...ಗಂಟು ಮುಟ್ಟಿ ಏನು ನೋಡ್ತೀರ ಟೀಚರ್?

ಹೌದು. ಮೊಲದ ಎರಡು ಕಿವಿ ಥರದ ಗಂಟು. ಬೂಟಿನ ದಾರ ಕಟ್ಟೋಕೆ ನೀವೇ ಕಲಿಸಿದ್ದು. ಒಂದು ಕಿವಿ, ಇನ್ನೊಂದು ಕಿವಿ ಅಂತ ಮನೆ ತುಂಬ ಹಾಡ್ಕೊಂಡು ಕಟ್ತಿದ್ಲು. ನಂಗೆ ಆ ಗಂಟು ಬರಲ್ಲ. ನೀವು ಗುರುತು ಹಿಡೀತೀರ ಅಂತ ಹೊಳೀಲೇ ಇಲ್ಲ ನೋಡಿ.

ಜ್ವರ ಇಲ್ಲ ಅವಳಿಗೆ. ಅವತ್ತು ಇಸ್ತ್ರಿ ಪೆಟ್ಟಿಗೆ ಅಂಗಿ ಮೇಲೇ ಬಿಟ್ಟು ಹೊರಗೆ ಹೋಗಿಬಿಟ್ಟೆ. ಹೊರಗಿಂದ ಚಿಲಕ ಹಾಕಿ. ಅವಳು ಒಳಗೆ ನಿದ್ದೆ ಮಾಡ್ತಿದ್ಲು. ಬಸ್ ಸ್ಟಾಪಲ್ಲಿ ಕೂತಿದ್ದೆ. ಬಸ್ ಬಂದ್ವು, ಹೋದ್ವು. ಮಗು ನೆನಪಾಗ್ಲೇ ಇಲ್ಲ. ವಾಪಸ್ ಬಂದ್ರೆ, ಕಿತ್ತ ಪ್ಲಗ್ ಕೈಯಲ್ಲಿ ಹಿಡ್ಕೊಂಡು ಹೊಗೆ ಮಧ್ಯೆ ನಿಂತಿದಾಳೆ. ಅಳ್ಲಿಲ್ಲ. ನಂಗೂ ಅಳು ಬರ್ಲಿಲ್ಲ. ಈಗ ಹೇಳ್ತಿದ್ರೂ ಏನೂ ಅನ್ಸಲ್ಲ. ಏನೂ ಅನ್ಸಲ್ಲ ಅನ್ನೋದೇ ನಂಗೆ ಭಯ.

ಅವತ್ತಿಂದ ನನ್ನ ಕಾಲಿಗೆ ಅವಳೇ ಕಟ್ತಾಳೆ. ತಾನು ಸ್ಕೂಲಿಗೆ ಹೋದ್ರೆ ಅಮ್ಮ ಹೊರಟುಹೋಗ್ತಾಳಂತೆ. ಆಮೇಲೆ ತನ್ನ ಕೈ ಚಾಚಿ, ಇದನ್ನ ನೀನು ಕಟ್ಟು ಅಂತಾಳೆ. ಕಟ್ತೀನಿ.

ಬಿಚ್ತೀರಾ? ಬಿಚ್ಚಿ. ಡಾಕ್ಟರ ಹತ್ರ ಅಂದ್ರೂ ಬರ್ತೀನಿ, ಎಲ್ಲಿಗೆ ಅಂದ್ರೂ ಬರ್ತೀನಿ. ಮೊದಲು ಅವಳ ಕೈಯದ್ದು ಬಿಚ್ಚಿ. ಅದು ನನ್ನ ಗಂಟು, ಬಿಗಿ, ಬೆರಳಿಗೆ ಸಿಗಲ್ಲ. ಕತ್ತರಿ ಮೇಜಿನ ಮೇಲಿದೆ.

ಬೇಡ, ನನ್ನ ಕೈಗೆ ಕೊಡಬೇಡಿ. ನೀವೇ ಕತ್ತರಿಸಿ.