ಪೊಟರೆಯ ತುತ್ತು

ಲೈನ್‌ಮನ್‌ಗೆ ಅದು ಮೊದಲು ಕೇಳಿಸಿದ್ದು ಆಲದ ಮರದ ಹತ್ತಿರ. ಗಾಳಿಗೆ ತಂತಿ ಹರಿದಿತ್ತು. ಅದನ್ನು ಜೋಡಿಸಿ ಹೊರಡುವಷ್ಟರಲ್ಲಿ ಊರು ಮಲಗಿತ್ತು. ಹೆಗಲ ಮೇಲೆ ಏಣಿ, ಕೈಯಲ್ಲಿ ಟಾರ್ಚು. ಮರ ದಾಟುವಾಗ ಮೇಲಿಂದ ಸದ್ದು ಬಂತು.

ಗ್ಳಕ್… ಗ್ಳಕ್… ಗ್ಳಕ್…

ಯಾರೋ ವಾಂತಿಯನ್ನು ಗಂಟಲಿನವರೆಗೆ ತಂದು, ನುಂಗಿ, ಮತ್ತೆ ತಂದ ಹಾಗೆ.

ಅವನಿಗೆ ಆ ಸದ್ದು ಗೊತ್ತಿತ್ತು. ತಾಯಿ ಗಿಣಿ ತಾನು ತಿಂದ ಹಣ್ಣನ್ನು ಮರಿಯ ಬಾಯಿಗೆ ಕಕ್ಕುವ ಸದ್ದು. ಟಾರ್ಚು ಬಿಟ್ಟು ನೋಡಿದ. ಪೊಟರೆ ಖಾಲಿ. ಖಾಲಿ ಇರಲೇಬೇಕು, ಖಾಲಿ ಮಾಡಿದವನೇ ಅವನು.

ಈ ಲೈನ್‌ಮನ್ ನಮ್ಮ ಪಕ್ಕದ ಮನೆಯವನು. ಕರೆಂಟು ಬಿಟ್ಟರೆ ಯಾವುದಕ್ಕೂ ಹೆದರುವ ಆಸಾಮಿಯಲ್ಲ. ಬುದ್ಧಿವಂತ ಎಂದೂ ಯಾರೂ ಹೇಳಿದ್ದಿಲ್ಲ.

ಹಿಂದಿನ ತಿಂಗಳು, ತಂತಿಗೆ ತಾಗುತ್ತಿದ್ದ ಕೊಂಬೆ ಕಡಿಯಲು ಹತ್ತಿದಾಗ ಅವನಿಗೆ ಪೊಟರೆಯಲ್ಲಿ ಮರಿಗಳು ಕಂಡಿದ್ದವು. ಪುಕ್ಕ ಮೂಡದ, ಹಸಿಮಾಂಸದ ಮುದ್ದೆಗಳಂಥ ಮರಿಗಳು. ತಾಯಿ ಅವನ್ನು ಬಿಟ್ಟು ಹಾರಲಿಲ್ಲ. ಕೈಗವಸು ಇತ್ತಲ್ಲ, ಮರಿಗಳ ಜೊತೆ ತಾಯಿಯನ್ನೂ ಹಿಡಿದ. ಮಗಳು ಹುಟ್ಟಿದ ಖುಷಿಗೆ ಮನೆಗೆ ಗಿಣಿ. ಮಾತು ಕಲಿಸುತ್ತಾನಂತೆ.

ಗಿಣಿ ಸಾಕುವುದೆಂದರೆ ಜನಕ್ಕೆ ಒಂದು ಪಂಜರ, ಒಂದು ಮೆಣಸಿನಕಾಯಿ. ಹಿಂಡು ಕಟ್ಟಿಕೊಂಡು ಆಕಾಶವೇ ಕಿತ್ತುಹೋಗುವ ಹಾಗೆ ಕೂಗುವ ಹಕ್ಕಿಯನ್ನು ಕಂಬಿಗಳ ಹಿಂದೆ ತುರುಕಿ ಮುದ್ದು ಅನ್ನುತ್ತಾರೆ. ಇವನು ತಾಯಿಯ ರೆಕ್ಕೆಗರಿ ಕತ್ತರಿಸಿ ಪಂಜರಕ್ಕೆ ಹಾಕಿದ. ಮರಿಗಳನ್ನು ಬೇರೆ ಮಾಡಿ ರಟ್ಟಿನ ಡಬ್ಬಿಗೆ ಹಾಕಿದ. ಸಿರಿಂಜಿನಲ್ಲಿ ತಾನೇ ಗಂಜಿ ಕುಡಿಸಿದ. ಪ್ರತಿ ಸಲವೂ ಬೆರಳದ್ದಿ ನೋಡಿ, "ಬೆಚ್ಚಗಿದೆ" ಅಂದ. ವರ್ಷಗಟ್ಟಲೆ ತಂತಿ ಎಳೆದು ಜಡ್ಡುಗಟ್ಟಿದ ಬೆರಳು ಅದು. ಒಲೆ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವ ಬೆರಳು.

ಮರಿಗಳ ಕತ್ತಿನ ಬುಡದ ಆಹಾರದ ಚೀಲ ಒಳಗಿಂದಲೇ ಬೆಂದುಹೋಯಿತು. ಚರ್ಮ ಕಪ್ಪಾಗಿ ಕಳಚಿತು. ಆಮೇಲೆ ಕುಡಿಸಿದ ಗಂಜಿಯೆಲ್ಲ ಕತ್ತಿನ ತೂತಿನಿಂದ ಎದೆಯ ಮೇಲೆ ಸುರಿಯತೊಡಗಿತು. ಹುಳಿ ನಾತ. ಆದರೂ ಮರಿಗಳು ಬಾಯಿ ತೆರೆಯುತ್ತಲೇ ಇದ್ದವು.

ಪಶುವೈದ್ಯೆ ಡಬ್ಬಿಯೊಳಗೆ ನೋಡಿ ಮುಖ ಕಿವಿಚಿದರು. "ಏನ್ರೀ, ಸಾಕಿದ್ದಾ, ಬೇಯಿಸಿದ್ದಾ?"

"ಬೆಚ್ಚಗಿತ್ತು ಮೇಡಂ. ಮುಟ್ಟಿ ನೋಡಿದ್ದೆ."

"ಆ ಕೈಯಲ್ಲಾ? ಪಕ್ಕದಲ್ಲೇ ತಾಯಿ ಇತ್ತಲ್ರೀ. ಅದರ ಹತ್ರ ಬಿಡೋಕೆ ನಿಮಗೇನು ಕಷ್ಟ?"

ಮರಿಗಳು ಸತ್ತವು. ತಾಯಿ ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು, ಬರಿಯ ಗಾಳಿಯ ಕಡೆಗೆ ಕತ್ತು ಚಾಚಿ ಚಾಚಿ ಕಕ್ಕುತ್ತ ಸತ್ತಿತು. ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಟ್ಟ. ಪಂಜರವನ್ನು ಗುಜರಿಗೆ ಹಾಕಿದ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ.

ಮರದ ಹತ್ತಿರ ಸದ್ದು ಕೇಳಿದ ಆ ರಾತ್ರಿ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಪಾಪು ಹಾಲು ಕುಡೀತಿಲ್ಲ," ಪಿಸುಗುಟ್ಟಿದಳು.

"ಅಳ್ತಿದ್ಯಾ?"

"ಇಲ್ಲ. ಅದಕ್ಕೇ ಹೆದರಿಕೆ. ಹೊಟ್ಟೆ ತುಂಬಿದ ಹಾಗೆ ಮಲಗಿದೆ."

ಮಗುವಿನ ಗಲ್ಲದ ಮೇಲೆ ಹಸಿರು ಲೋಳೆ. ಅದರಲ್ಲಿ ಆಲದ ಹಣ್ಣಿನ ಸಣ್ಣ ಸಣ್ಣ ಬೀಜ.

"ನೀವೇನಾದ್ರೂ ತಿನ್ನಿಸಿದ್ರಾ?"

"ನನಗೇನು ತಲೆ ಕೆಟ್ಟಿದ್ಯಾ?"

"ಅದು ಯಾವತ್ತು ಸರಿ ಇತ್ತು?"

ಮಕ್ಕಳ ಡಾಕ್ಟರನ್ನು ಕೇಳಿದರೆ, ಮನೆಯ ಮುದುಕಿಯರು ಕದ್ದು ಏನೋ ತಿನ್ನಿಸುತ್ತಿದ್ದಾರೆ ಅಂದರು. ಮನೆಯಲ್ಲಿ ಮುದುಕಿಯರೇ ಇಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಅಲ್ಲೂ ಬೆಳಗಾದರೆ ಅದೇ ಲೋಳೆ. ವಾಪಸು ಬಂದಳು. ಮಗುವಿಗೆ ಭೇದಿ ಹತ್ತಿತು. ಹಸಿರು, ಬೀಜ ಬೀಜ. ಕಣ್ಣು ಗುಳಿಬಿದ್ದವು. ತಾಯಿಹಾಲು ಹೊಟ್ಟೆಗೆ ಇಳಿಯದಿದ್ದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು.

ಅಂದು ಇಬ್ಬರೂ ದೀಪ ಹಚ್ಚಿಟ್ಟುಕೊಂಡೇ ತೊಟ್ಟಿಲ ಪಕ್ಕ ಕೂತರು.

ಮೊದಲು ತೊಟ್ಟಿಲ ಹಗ್ಗದ ಮೇಲೆ ಉಗುರಿನ ಸದ್ದು. ಚರಕ್… ಚರಕ್… ಇಳಿದು ಬರುತ್ತಿತ್ತು. ಹಗ್ಗ ತುಸು ಜಗ್ಗಿತು. ಅಲ್ಲಿ ಏನೂ ಕಾಣಲಿಲ್ಲ.

ಆಮೇಲೆ… ಗ್ಳಕ್. ಗ್ಳಕ್.

ಮಗು ನಿದ್ದೆಯಲ್ಲೇ ಬಾಯಿ ತೆರೆಯಿತು. ಹೆಂಡತಿ ಥಟ್ಟನೆ ಅಂಗೈಯಿಂದ ಅದರ ಬಾಯಿ ಮುಚ್ಚಿದಳು. ಬೆರಳುಗಳ ಸಂದಿಯಿಂದ ಹಸಿರು ಒಸರಿತು.

"ಮುಚ್ಚಿದ್ರೂ ಬಿಡ್ತಿಲ್ಲ ರೀ…"

"ಏನು ಮಾಡ್ಲಿ ಹೇಳು! ಹೊಡೀಲಾ?"

"ಯಾರನ್ನ ಹೊಡೀತೀರಿ? ಅದಕ್ಕೆ ಬೇಕಿರೋದು ತೆರೆದ ಬಾಯಿ." ಅವಳ ದನಿ ನಡುಗಲಿಲ್ಲ. "ನೀವು ತೆರೀರಿ."

ಅವನು ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಮಂಡಿಯೂರಿ, ಮಗುವಿನ ಮುಖಕ್ಕೆ ಅಡ್ಡವಾಗಿ ತಲೆಯಿಟ್ಟು ಬಾಯಿ ತೆರೆದ.

ಸದ್ದು ನಿಂತಿತು…

ಚರಕ್… ಹತ್ತಿರ ಬಂತು.

ಗಟ್ಟಿಯಾದ, ಕೊಕ್ಕೆಯಂಥದ್ದು ಅವನ ಕೆಳದುಟಿಯನ್ನು ಮೆಲ್ಲಗೆ ಹಿಡಿಯಿತು. ಕೊಳೆತ ಪುಕ್ಕದ ನಾತ. ನಾಲಿಗೆಯ ಮೇಲೆ ಮುದ್ದೆ ಬಿತ್ತು. ಸಿಪ್ಪೆ, ಬೀಜ, ಎಳೆಎಳೆಯಾದ ಲೋಳೆ. ಸುಡುತ್ತಿರಲಿಲ್ಲ. ಮೈಯಷ್ಟೇ ಬೆಚ್ಚಗಿತ್ತು. ಗಂಟಲು ಹಿಂದಕ್ಕೆ ದಬ್ಬಿತು.

"ನುಂಗಿ," ಅಂದಳು ಹೆಂಡತಿ.

ನುಂಗಿದ. ಮತ್ತೊಂದು ತುತ್ತು ಬಂತು.

ಬೆಳಗಿನ ಜಾವ ಮಗು ಕಿಟಾರನೆ ಅತ್ತಿತು. ಅವಳು ಎದೆಗೆ ಹಚ್ಚಿಕೊಂಡಳು. ಚಪ್ಪರಿಸಿ ಕುಡಿಯಿತು.

ಇದಕ್ಕೆ ದೆವ್ವ ಎಂದು ಹೆಸರಿಡಬೇಕಾದ ದರ್ದು ಏನೂ ಇಲ್ಲ. ವಿವರಣೆ ಇದ್ದವರು ಕೊಡಲಿ. ನಡೆದದ್ದಂತೂ ನಡೆದದ್ದೇ, ನಮ್ಮ ಗೋಡೆಯ ಆಚೆಗೆ. ಮಗು ಈಗ ಗುಂಡಗಿದೆ, ತೆವಳುತ್ತದೆ. ಲೈನ್‌ಮನ್ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ರಾತ್ರಿ ತೊಟ್ಟಿಲ ಪಕ್ಕವೇ ಮಲಗುತ್ತಾನೆ. ಬೆಳಿಗ್ಗೆ ಮಾತ್ರ ತಿಂಡಿ ಮುಟ್ಟುವುದಿಲ್ಲ. ಹೆಂಡತಿಯೂ ಅವನಿಗೆ ತಟ್ಟೆ ಇಡುವುದಿಲ್ಲ.