ಕ್ಷಮಿಸಲು ಬಂದವಳು

ಸಂಜೆ ಆರಕ್ಕೆ ನಮ್ಮ ಡ್ಯೂಟಿ ಮುಗಿದಾಗ ಮಳೆ ಎಷ್ಟು ಜೋರಾಗಿತ್ತೆಂದರೆ ಆಸ್ಪತ್ರೆಯ ಗೇಟೇ ಕಾಣುತ್ತಿರಲಿಲ್ಲ. ನರ್ಸಿಂಗ್ ಕಲಿಯುತ್ತಿದ್ದ ನಾವು ಐದು ಜನ ಹಾಸ್ಟೆಲಿಗೆ ಹೋಗಲಾಗದೆ ಹಳೆಯ ಔಷಧಾಲಯದ ಹಿಂದಿನ ಕೋಣೆಗೆ ನುಗ್ಗಿದೆವು. ಅಲ್ಲಿ ಬಾಟ್ಲಿ ಅಜ್ಜಿ ಇರುತ್ತಾಳೆ. ಐವತ್ತು ವರ್ಷ ಔಷಧಿ ಬಾಟಲಿಗಳನ್ನು ತೊಳೆದವಳು. ಈಗ ಔಷಧಿಯೆಲ್ಲ ಪ್ಲಾಸ್ಟಿಕ್ಕಿನಲ್ಲಿ ಬರುವುದರಿಂದ ತೊಳೆಯಲು ಏನೂ ಉಳಿದಿಲ್ಲ. ಆದರೂ ಅವಳನ್ನು ಆ ಕೋಣೆಯಿಂದ ಏಳಿಸುವ ಧೈರ್ಯ ಯಾವ ಮೇಲಧಿಕಾರಿಗೂ ಬಂದಿಲ್ಲ. ನಾವು ಒಳಗೆ ಹೋಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಒಂದು ದೆವ್ವದ ಕತೆ ಹೇಳಿ ಅಜ್ಜಿ ಎಂದು ನಮ್ಮಲ್ಲೊಬ್ಬಳು ದುಂಬಾಲು ಬಿದ್ದಳು. ಅಜ್ಜಿ ಮೇಣದಬತ್ತಿ ಹಚ್ಚಿಟ್ಟು ನಮ್ಮನ್ನೆಲ್ಲ ಒಮ್ಮೆ ದುರುಗುಟ್ಟಿ ನೋಡಿದಳು.

"ಮೊದಲು ಚಪ್ಪಲಿ ಹೊರಗೆ ಬಿಡ್ರೇ, ನೆಲವೆಲ್ಲ ರಾಡಿ ಮಾಡಿದ್ರಿ! ದೆವ್ವದ ಕತೆ ಬೇಕಂತೆ... ಕೂತ್ಕೊಳ್ಳಿ. ಕಾಲು ಹಿಂದುಮುಂದಾದ ದೆವ್ವ, ಕೂದಲು ಕೆದರಿಕೊಂಡ ದೆವ್ವ, ಅಂಥದ್ದೆಲ್ಲ ನನ್ ಹತ್ರ ಇಲ್ಲ. ರಕ್ತ ಕೇಳೋ ದೆವ್ವಕ್ಕಾದ್ರೆ ಏನೋ ಒಂದು ಕೊಟ್ಟು ಸಾಗಹಾಕಬಹುದು. ಕ್ಷಮಿಸಿದೀನಿ ಅಂತ ಬಾಗಿಲಿಗೆ ಬರೋ ದೆವ್ವಕ್ಕೆ ಏನ್ರೇ ಕೊಡ್ತೀರಿ?

"ನಮ್ಮಣ್ಣ ಇಲ್ಲಿ ಕಾಂಪೌಂಡರ್ ಆಗಿದ್ದ. ಡಾಕ್ಟರು ಬರೆದದ್ದನ್ನ ಅರೆದು, ಬೆರೆಸಿ, ಬಾಟ್ಲಿಗೆ ತುಂಬಿ, ಮುಂದಿನ ಕೋಣೆ ಕಿಂಡಿಯಿಂದ ಕೊಡೋ ಕೆಲಸ. ಅಪ್ಪ ಅಮ್ಮ ಹೋದ ಮೇಲೆ ನನ್ನ ಸಾಕಿದೋನು ಅವನೇ. ಚರ್ಚು ಅಂದ್ರೆ ಪ್ರಾಣ. ಇರುವೆ ತುಳಿದ್ರೂ ಓಡಿಹೋಗಿ ಫಾದರ್ ಹತ್ರ ಪಾಪನಿವೇದನೆ ಮಾಡಿ ಬರೋನು, ಪಾಪ, ಫಾದರ್‌ಗೇ ಸಾಕಾಗಿಹೋಗಿತ್ತು! ಆಗ ಇಲ್ಲೊಂದು ಕಟ್ಟುನಿಟ್ಟು ಇತ್ತು ಕಣ್ರೇ. ಮೈಗೆ ಹಚ್ಚೋ ಔಷಧಿ, ಕುಡಿದ್ರೆ ವಿಷ ಆಗೋ ಅಂಥದ್ದು, ಅದನ್ನ ಗೀರು ಬಾಟ್ಲಿಗೇ ಹಾಕಬೇಕು. ಗೀರು ಅಂದ್ರೆ ಗಾಜಿನ ಮೈಮೇಲೆ ಉಬ್ಬು ಗೆರೆ... ಕತ್ತಲೇಲಿ ನರ್ಸು ಕೈ ಹಾಕಿದ್ರೂ ಇದು ಬಾಯಿಗಲ್ಲ ಅಂತ ಬೆರಳಿಗೆ ಗೊತ್ತಾಗಬೇಕು. ಕುಡಿಯೋ ಔಷಧಿಗೆ ನುಣ್ಣನೆ ಬಾಟ್ಲಿ.

"ಒಂದು ದಿನ ತೊಳೀತಾ ತೊಳೀತಾ ನನ್ನ ಕೈ ಜಾರಿ ಗೀರು ಬಾಟ್ಲಿ ಒಡೆದುಹೋಯ್ತು. ಇನ್ನೊಂದು ಬೇಕಂದ್ರೆ ಉಗ್ರಾಣಕ್ಕೆ ಹೋಗಬೇಕು, ಬೀಗದವನನ್ನ ಹುಡುಕಬೇಕು... 'ಹೋಗ್ಲಿ ಬಿಡೇ, ಈವತ್ತೊಂದಿನ ನುಣ್ಣನೇದ್ರಲ್ಲೇ ಕಳಿಸ್ತೀನಿ, ಚೀಟಿ ಅಂಟಿಸಿದ್ರೆ ಆಯ್ತು' ಅಂದ ಅಣ್ಣ. ಅಷ್ಟೇ ಕಣ್ರೇ! ದ್ವೇಷ ಇಲ್ಲ, ದುರಾಸೆ ಇಲ್ಲ, ಬರೀ ಸೋಮಾರಿತನ. ಆ ಸಂಜೆ ವಾರ್ಡಿನಲ್ಲಿ ದೀಪ ಹೋಯ್ತು. ಕೆಮ್ಮಿಗೆ ಸೇರಿದ್ದ ಅಂಚೆಯವನು ಉಸಿರು ಸಿಗದೆ ಒದ್ದಾಡ್ತಿದ್ದ. ವಾರ್ಡಿನ ಹೆಡ್ ನರ್ಸು, ನಾವು ದೊಡ್ಡ ಸಿಸ್ಟರ್ ಅಂತಿದ್ವಿ, ಬೀರುವಿಗೆ ಕೈ ಹಾಕಿದ್ಲು, ನುಣ್ಣಗೆ ಸಿಕ್ತು, ಚಮಚಕ್ಕೆ ಬಗ್ಗಿಸಿ ಕುಡಿಸಿದ್ಲು. ಒಂದು ಗಂಟೆಯೊಳಗೆ ಅಂಚೆಯವನ ಪ್ರಾಣ ಹೋಯ್ತು.

"ಸುದ್ದಿ ಕಿವಿಗೆ ಬಿದ್ದಿದ್ದೇ ತಡ, ಅಣ್ಣ ವಾರ್ಡಿಗೆ ಓಡಿ, ನುಣ್ಣನೆ ಬಾಟ್ಲೀಲಿ ಉಳಿದಿದ್ದನ್ನ ಗೀರು ಬಾಟ್ಲಿಗೆ ಸುರಿದು, ಚೀಟಿ ಅಂಟಿಸಿ, ಬೀರುವಲ್ಲಿ ಇಟ್ಟುಬಂದ. ಈಗ ಬೀಗದವನು ಹೇಗೆ ಸಿಕ್ಕಿದ ಅಂತೀರಾ? ಭಯಕ್ಕೆ ಎಲ್ಲಾ ಸಿಗತ್ತೆ. ಒಡೆದ ಚೂರುಗಳನ್ನ ನಾನೇ ಬಟ್ಟೇಲಿ ಸುತ್ತಿ ಚರಂಡಿಗೆ ಹಾಕಿದೆ. ಮಾರನೇ ದಿನ ವಿಚಾರಣೆ. 'ಬಾಟ್ಲಿ ನುಣ್ಣಗಿತ್ತು, ದೇವರಾಣೆಗೂ ನುಣ್ಣಗಿತ್ತು' ಅಂತ ಸಿಸ್ಟರ್ ಗೋಳಾಡಿದ್ಲು. ನನ್ನ ಕರೆಸಿ ಕೇಳಿದ್ರು. 'ಗೀರು ಬಾಟ್ಲೀನೇ ಸಾರ್, ನಾನೇ ತೊಳೆದು ಕೊಟ್ಟಿದ್ದು' ಅಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ! ಅವಳ ಕೆಲಸ ಹೋಯ್ತು. ಬೀದೀಲಿ ಜನ ಕೊಲೆಗಾತಿ ಅಂತ ಬೆರಳು ತೋರಿಸೋರು. ಎರಡೇ ವರ್ಷ... ಕೊರಗಿ ಕೊರಗಿ ಹೋಗ್ಬಿಟ್ಲು. ಸಾಯೋವಾಗ ಫಾದರ್‌ಗೆ ಹೇಳಿದ್ಲಂತೆ, 'ನನಗೆ ಅನ್ಯಾಯ ಮಾಡಿದೋರನ್ನ ಕ್ಷಮಿಸಿದೀನಿ, ಅದು ಅವರಿಗೆ ತಲುಪಬೇಕು' ಅಂತ. ಯಾರು ಅಂತ ಮಾತ್ರ ಬಾಯಿ ಬಿಡಲಿಲ್ಲ.

"ತಲುಪಿಸೋಕೆ ತಾನೇ ಬಂದ್ಲು. ಮಟಮಟ ಮಧ್ಯಾಹ್ನ! ಹೊರಗೆ ರೋಗಿಗಳ ಸಾಲು ನಿಂತಿದೆ, ಅಣ್ಣ ಕಿಂಡಿಯಿಂದ ಔಷಧಿ ನೀಡಿದ್ದಾನೆ, ಆ ಕಡೆಯಿಂದ ಬಂದ ಕೈ ಔಷಧಿ ತಗೊಳ್ಳಲಿಲ್ಲ, ಅವನ ಮಣಿಕಟ್ಟು ಹಿಡ್ಕೊಂಡ್ತು. ನಾನು ಪಕ್ಕದಲ್ಲೇ ಇದ್ದೆ, ಈ ಕಿವಿಯಾರೆ ಕೇಳಿದೆ. 'ನಿಮ್ಮನ್ನ ಕ್ಷಮಿಸಿದೀನಿ. ಮಾಡಿದ್ದು ಹೌದು ಅಂತ ಒಂದು ಮಾತು ಹೇಳಿ, ಹೋಗ್ತೀನಿ.' ಅಣ್ಣ ಏನಂದ ಗೊತ್ತಾ? 'ಯಾವ ತಪ್ಪು? ಕುಡಿಸಿದೋಳು ನೀನು!'

"ಹನ್ನೊಂದು ವರ್ಷ ಬಂದ್ಲು ಕಣ್ರೇ. ಬೈಯಲಿಲ್ಲ, ಹೆದರಿಸಲಿಲ್ಲ, ಅದೇ ಮೆತ್ತನೆ ದನಿ... ಶಾಪ ಹಾಕಿದ್ರೆ ಅಣ್ಣ ತಡ್ಕೋತಿದ್ದ. 'ನನ್ನ ಕ್ಷಮಿಸೋಕೆ ಇವಳ್ಯಾರು?' ಅಂತ ಹಲ್ಲು ಕಡಿಯೋನು. ಹೇಳಿ ಹೇಳಿ ಆ ಸುಳ್ಳು ಅವನಿಗೇ ನಿಜ ಆಗೋಗಿತ್ತು. ಚರ್ಚಿಗೆ ಹೋಗಿ ಇದೊಂದು ಬಿಟ್ಟು ಬೇರೆಲ್ಲ ಪಾಪ ಹೇಳಿ ಬರೋನು. ಒಂದ್ಸಲ ನಾನೇ ಫಾದರ್‌ನ ಸುತ್ತಿ ಬಳಸಿ ಕೇಳಿದೆ, ಒಪ್ಪಿಕೊಳ್ಳದೆ ಇದ್ರೂ ದೇವರು ಕ್ಷಮಿಸ್ತಾನಾ ಅಂತ. 'ಕೊಡೋನು ನೀಡಿದ ಕೈ ಹಿಂದಕ್ಕೆ ತಗೊಳ್ಳಲ್ಲಮ್ಮ, ಆದ್ರೆ ಮುಷ್ಟಿ ಬಿಗಿಹಿಡಿದೋನಿಗೆ ಏನು ಕೊಡೋಕಾಗತ್ತೆ?' ಅಂದ್ರು. ಅಣ್ಣ ಸಾಯೋವಾಗ ಅದೇ ಫಾದರ್ ಬಂದು, ಹಣೆಗೆ ಎಣ್ಣೆ ಹಚ್ಚಿ, 'ಇನ್ನೇನಾದ್ರೂ ಹೇಳೋದಿದ್ಯಾ ಮಗಾ?' ಅಂತ ಮೂರು ಸಲ ಕೇಳಿದ್ರು. ಅವಳು ಮಂಚದ ಕಾಲ್ದೆಸೆ ನಿಂತಿದ್ಲು. ಫಾದರ್‌ಗೆ ಕಾಣಲಿಲ್ಲ, ನಮ್ಮಿಬ್ಬರಿಗೆ ಕಂಡ್ಲು. ಅಣ್ಣ ಗೋಡೆ ಕಡೆ ಮುಖ ತಿರುಗಿಸಿಕೊಂಡ. ಹಾಗೇ ಹೋದ. ಎಲ್ಲಿಗೆ ಹೋದ ಅಂತ ಮಾತ್ರ ನನ್ನ ಕೇಳಬೇಡಿ..."

ಅಲ್ಲಿಗೆ ಅವಳು ಬರೋದು ನಿಂತಿತಾ ಅಜ್ಜಿ ಎಂದು ನಾನು ಕೇಳಿದೆ.

"ಯಾಕೆ ನಿಲ್ಲಿಸ್ತಾಳೆ? ಅವಳು ಕ್ಷಮಿಸಿದ್ದು ಇಬ್ಬರನ್ನಲ್ವಾ? ಅಣ್ಣನ್ನ ಮಣ್ಣು ಮಾಡಿ ಬಂದ ದಿನವೇ ಈ ಬಾಗಿಲಿಗೆ ಬಂದ್ಲು."

"ಹೌದು ಅಂದುಬಿಡಬಾರದಾ ಅಜ್ಜಿ? ನಮಗೆ ಎಲ್ಲ ಹೇಳಿದ್ರಲ್ಲ."

"ನಿಮಗೆ ಹೇಳೋದೇನು ಮಹಾ! ವರ್ಷಾ ವರ್ಷಾ ಬರೋ ಹುಡುಗೀರಿಗೆಲ್ಲ ಹೇಳಿದೀನಿ, ಬಾಯಿ ಚಪಲಕ್ಕೆ. ಅವಳಿಗೆ ಹೌದು ಅನ್ನೋದು ಅಂದ್ರೆ... ಈಗ ಒಂದೇ ಮಾತಲ್ಲಿ ಮುಗಿದುಹೋದ್ರೆ, ನಮ್ಮಣ್ಣ ಸುಮ್ಸುಮ್ನೆ ಹಾಗೆ ಸತ್ತ ಅಂತಾಗಲ್ವಾ? ನಾನು ಮೊದಲೇ ಆ ಮಾತು ಆಡಿದ್ರೆ ಅವನ ಬಾಯಲ್ಲೂ ಬರ್ತಿತ್ತೋ ಏನೋ. ಅಯ್ಯೋ, ಆ ಸಂಕಟಾನ ಎಲ್ಲಿ ಇಟ್ಕೊಳ್ಳಲಿ, ಹೇಳ್ರೇ? ನನ್ನ ಕೈಲಾಗಲ್ಲ."

ಅವಳ ಕಣ್ಣು ನಮ್ಮ ಹಿಂದಿನ ಬಾಗಿಲ ಕಡೆ ಹೋಯಿತು. ನಾವೂ ತಿರುಗಿದೆವು. ಬಾಗಿಲು ತೆರೆದೇ ಇತ್ತು, ಆಚೆ ಮಳೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಜನ ಇದ್ದಾರೆ, ಹೋಗು ತಾಯಿ," ಎಂದಳು ಅಜ್ಜಿ ಸಿಡುಕಿ. "ನಿನಗೆ ನಾನೇನು ಮಾಡಿದೀನಿ?"

ಆಮೇಲೆ ತುಂಬ ಹೊತ್ತು ಅಲ್ಲೇ ನೋಡಿದಳು.

"ಹೋಗ್ತಾ ಇಲ್ಲ... ಇಷ್ಟು ವರ್ಷದಲ್ಲಿ ಒಂದು ದಿನವೂ ಅತ್ತೋಳಲ್ಲ. ಈವತ್ತು ಅಳ್ತಿದ್ದಾಳೆ ಕಣ್ರೇ. ನನಗೆ ಹೆಚ್ಚು ಹೊತ್ತು ಉಳಿದಿಲ್ಲ ಅಂತ ಅವಳಿಗೆ ಗೊತ್ತಾಗಿರಬೇಕು."