ಮೇಲೆ ಮಷಿನ್, ಕೆಳಗೆ ಜನ

ಸಂಜೆಗೆ ಬಿರುಗಾಳಿ, ಮಳೆ ಬರುತ್ತದೆಂಬ ಸುದ್ದಿಗೆ ಊರಿಗೆ ಊರೇ ಹಾರ್ಡ್‌ವೇರ್ ಅಂಗಡಿಗೆ ಬಂದು ನಿಂತಿತ್ತು. ಹಗ್ಗ ಕೊಳ್ಳಲು ಬಂದ ಮುದುಕಪ್ಪ ಸಾಲಿನಲ್ಲಿ ನಿಂತು ದೇವರ ನಾಮ ಹೇಳಿಕೊಳ್ಳುತ್ತಿದ್ದ. ಆದರೆ ಕಿವಿಯೆಲ್ಲ ಬೆನ್ನ ಹಿಂದಿತ್ತು. ಅಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯ ಮೇಲ್ವಿಚಾರಕಿ, ಬಟ್ಟೆ ಕತ್ತರಿಸುವ ಮಾಸ್ಟರನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಮಷಿನ್ ಎಲ್ಲಾ ಮಹಡಿಗೆ ಸಾಗಿಸಿದ್ರಾ ಮಾಸ್ಟರ್?”

“ಒಂದೂ ಬಿಟ್ಟಿಲ್ಲ ಅಕ್ಕಾ. ಸೊಂಟ ಬಿದ್ದುಹೋಯ್ತು.”

“ಹೊಲಿಯೋ ಹೆಂಗಸರು?”

“ಕೆಳಗಿದ್ದಾರೆ.”

“ನೀರು ನುಗ್ಗೋದು ಎಲ್ಲಿಗೆ?”

“ಅದೂ ಕೆಳಗೇ. ಮಷಿನ್ ನೆನೀಬಾರ್ದು ಅಂದ್ರು ಸಾಹುಕಾರ್ರು. ಹೆಂಗಸರ ವಿಷಯ ಏನೂ ಹೇಳ್ಲಿಲ್ಲ.”

“ಮಧ್ಯಾಹ್ನವೇ ಮನೆಗೆ ಕಳಿಸಿ ಅಂತ ಬಡ್ಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು.”

“ಈಗ ಬಸ್ಸೂ ನಿಂತುಹೋಗಿದೆಯಲ್ಲಕ್ಕಾ.”

“ಅದಕ್ಕೇ ಮಹಡಿ ಬೇಕು. ಅಲ್ಲಿ ಕಾಲಿಡೋಕೆ ಜಾಗ ಇದೆಯಾ?”

“ಮಷಿನ್ ಮೇಲೆ ಹತ್ತಿ ಕೂತ್ಕೋಬಹುದು.”

“ನಿಮ್ಮ ಹೆಂಡ್ತೀನೂ ಆ ಗುಂಪಲ್ಲೇ ಇದ್ದಾಳೆ. ಮೊದಲು ಅವಳನ್ನ ಹತ್ತಿಸಿ ನೋಡೋಣ.”

ಮಾಸ್ಟರ್ ದನಿ ತಗ್ಗಿಸಿದ. “ಸಾಹುಕಾರ್ರು ಬೈದ್ರೆ?”

“ನನ್ನ ಕಡೆ ಕೈ ತೋರಿಸಿ. ಮಷಿನ್ ಇಳಿಸಿ ಮೇಜಿನ ಮೇಲಿಟ್ಟು ಟಾರ್ಪಾಲು ಹೊದಿಸೋಣ. ನೆನೆದ ಮಷಿನ್ ಒಣಗುತ್ತೆ.”

ಮುದುಕಪ್ಪ ಪಕ್ಕಕ್ಕೆ ಸರಿದ. “ನೀವು ಮುಂದೆ ಬನ್ನಿ ತಾಯಿ. ನನ್ನ ಹಗ್ಗ ಕಾಯುತ್ತೆ.”

ಕೊಂಡ ಟಾರ್ಪಾಲು ಹೊತ್ತು ಮೇಲ್ವಿಚಾರಕಿ, ಮಾಸ್ಟರ್ ಇಬ್ಬರೂ ಗಾಳಿಗೆ ಎದುರಾಗಿ ಹೊರಟರು.

“ಅಷ್ಟನ್ನೂ ಇಳಿಸೋಕೆ ಕೈ ಕೊಡೋರು ಯಾರಕ್ಕಾ?”

“ಕೆಳಗೆ ಅಷ್ಟು ಜನ ಕೂತಿದ್ದಾರಲ್ಲ ಮಹಾರಾಯ, ಅವರನ್ನ ಒಂದು ಮಾತು ಕೇಳಿದ್ರಾ? ನಡೀರಿ.”